ನಾಲ್ಕೇ ಕಾರ್ಡ್, ರೊಮ್ಯಾಂಟಿಕ್ ಪಿಯಾನೋದ ನೇಯ್ಗೆ: ಹಾರ್ಮೋನಿಯಂ ಕೈಯವರಿಗೊಂದು ಮಾರ್ಗದರ್ಶಿ

ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆ ಪೌರಾಣಿಕ ನಾಟಕದ ಹಾರ್ಮೋನಿಯಂ ಕೇಳಿ ಬೆಳೆದ ಕೈ ಪಿಯಾನೋ ಅಥವಾ ಕೀಬೋರ್ಡ್ ಮುಂದೆ ಕೂತರೆ ಮೊದಲು ಮಾಡುವ ಕೆಲಸ ಒಂದೇ: ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ಹಿಡಿದುಕೊಳ್ಳುವುದು. ಹಾರ್ಮೋನಿಯಂಗೆ ಅದು ಸರಿ. ತಿದಿಯಲ್ಲಿ ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೋದ್ದು ಬೇರೆ ಕತೆ. ಸುತ್ತಿಗೆ ತಂತಿಗೆ ಬಡಿದ ಗಳಿಗೆಯಿಂದಲೇ ನಾದ ಕರಗತೊಡಗುತ್ತದೆ. ಒತ್ತಿ ಹಿಡಿದಷ್ಟೂ ಹಾಡು ಬಡವಾಗುತ್ತದೆ.

19ನೇ ಶತಮಾನದ ರೊಮ್ಯಾಂಟಿಕ್ ಪಿಯಾನೋ ಸಂಗೀತದಲ್ಲಿ ಕೇಳುವ ಅಲೆಯಂಥ ಎಡಗೈ, ಒಳಗೊಳಗೆ ಮಿಡಿಯುವ ಸ್ವರಗಳು, ಮಧ್ಯದಿಂದ ಎದ್ದು ಬರುವ ಮೆಲೊಡಿ ಇವೆಲ್ಲ ಹುಟ್ಟಿದ್ದು ಈ ಒಂದು ತೊಂದರೆಗೆ ಪರಿಹಾರ ಹುಡುಕುತ್ತಾ. ಕರಗುವ ನಾದವನ್ನು ಹಾಡಿಸುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆ. ವಾದ್ಯವೂ ಅದೇ ಹೊತ್ತಿಗೆ ಬೆಳೆಯಿತು. ಪ್ಯಾರಿಸ್‌ನ ವಾದ್ಯ ತಯಾರಕ ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಯಂತ್ರರಚನೆಯಿಂದ ಕೀ ಪೂರ್ತಿ ಮೇಲೆ ಬರುವ ಮುನ್ನವೇ ಅದೇ ಸ್ವರವನ್ನು ಮತ್ತೆ ಬಾರಿಸಲು ಸಾಧ್ಯವಾಯಿತು. 1825ರಲ್ಲಿ ಬಾಸ್ಟನ್‌ನ ಪಿಯಾನೋ ತಯಾರಕ ಆಲ್ಫಿಯಸ್ ಬ್ಯಾಬ್‌ಕಾಕ್ ತಂದ ಒಂದೇ ಎರಕದ ಕಬ್ಬಿಣದ ಚೌಕಟ್ಟು ತಂತಿಗಳ ಹೆಚ್ಚಿನ ಬಿಗಿತವನ್ನು ತಡೆದುಕೊಂಡಿತು. ಐರ್ಲೆಂಡ್ ಮೂಲದ ಪಿಯಾನೋ ವಾದಕ, ಸಂಯೋಜಕ ಜಾನ್ ಫೀಲ್ಡ್ 1812ರಲ್ಲೇ ‘ನಾಕ್ಟರ್ನ್’ ಹೆಸರಿನ ರಚನೆಗಳನ್ನು ಪ್ರಕಟಿಸಿದ್ದ. ಎಡಗೈ ಅಗಲವಾಗಿ ಹರಡಿಕೊಂಡು ಬಲಗೈ ಒಂಟಿ ದನಿಯಂತೆ ಹಾಡುವ ರೀತಿ ಅಲ್ಲಿಂದ ಜನಪ್ರಿಯವಾಯಿತು.

ಇಲ್ಲಿ ನಮಗೆ ಬೇಕಾದ ಸಾಮಗ್ರಿ ಸಿ ಮೇಜರ್, ಎ ಮೈನರ್, ಎಫ್ ಮೇಜರ್, ಜಿ ಮೇಜರ್, ಇಷ್ಟೇ. ಒಂದೊಂದು ಕಾರ್ಡ್‌ಗೆ ನಾಲ್ಕು ಬೀಟ್‌ನ ಒಂದು ಬಾರ್. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವರಿಗೆ ಕಣ್ಣು ಮುಚ್ಚಿ ಬರುವ ಸಾಲು. ಸಿ ಅನ್ನು ಷಡ್ಜ ಮಾಡಿಕೊಂಡರೆ ಎಲ್ಲವೂ ಶಂಕರಾಭರಣದ ಸ್ವರಗಳೇ.

ಸ್ವರದ ಪಕ್ಕದ ಅಂಕಿ ಸ್ಥಾಯಿಯನ್ನು ಹೇಳುತ್ತದೆ. ಮಧ್ಯದ ಸಿ ಅಂದರೆ ಸಿ4. 61 ಕೀಗಳ ಕೀಬೋರ್ಡ್‌ನಲ್ಲಿ ಅದು ಎಡದಿಂದ ಮೂರನೇ ಸಿ, 88 ಕೀಗಳ ಪಿಯಾನೋದಲ್ಲಿ ನಾಲ್ಕನೆಯದು. ಕೆಲವು ಕಂಪನಿಗಳ ಪುಸ್ತಿಕೆಯಲ್ಲಿ ಇದನ್ನೇ ಸಿ3 ಎಂದು ಬರೆದಿರುತ್ತಾರೆ, ಗೊಂದಲ ಬೇಡ.

ಕೂರುವ ಮುನ್ನ

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೀಬೋರ್ಡ್ ನೆಲದ ಮೇಲಿಟ್ಟುಕೊಂಡು ಈ ಕೆಲಸ ಆಗುವುದಿಲ್ಲ. ಪೆಡಲ್‌ಗೆ ಪಾದ ಬೇಕು. ಕೀಗಳು ನೆಲದಿಂದ ಸುಮಾರು 72–74 ಸೆಂ.ಮೀ. ಎತ್ತರದಲ್ಲಿರಲಿ, ಮೊಣಕೈ ಆ ಮಟ್ಟಕ್ಕೇ ಬರುವಷ್ಟು ಎತ್ತರದ ಕುರ್ಚಿ ಇರಲಿ.

ಸಸ್ಟೇನ್ ಪೆಡಲ್ (ಕೀ ಬಿಟ್ಟ ಮೇಲೂ ನಾದವನ್ನು ಹಿಡಿದಿಡುವ, ಕಾಲಲ್ಲಿ ಒತ್ತುವ ಸಾಧನ) ಇಲ್ಲದಿದ್ದರೆ ಬೇರೇನು ಕೊಳ್ಳುವ ಮುಂಚೆಯೂ ಅದನ್ನು ಕೊಳ್ಳಿ. ಪೆಡಲ್ ಸಿಕ್ಕಿಸುವಾಗ ಕೀಬೋರ್ಡ್ ಆಫ್ ಆಗಿರಬೇಕು. ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಎಷ್ಟೋ ಕೀಬೋರ್ಡ್‌ಗಳು ಆನ್ ಆಗುವ ಹೊತ್ತಿನಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ‘ಒತ್ತಿಲ್ಲ’ ಎಂದು ಗುರುತು ಮಾಡಿಕೊಳ್ಳುತ್ತವೆ. ಆಗ ಒತ್ತಿದರೆ ನಾದ ಕಡಿದುಹೋಗುತ್ತದೆ, ಬಿಟ್ಟರೆ ಹರಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಪೆಡಲ್ ತಿರುಗುಮುರುಗಾಯಿತು ಎಂದು ಗಾಬರಿಯಾಗುವವರಿಗೆ ಬಹಳ ಸಲ ಕಾರಣ ಇದೇ. ಕಾಲು ತೆಗೆದು, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲದಲ್ಲಿ ಪೆಡಲ್ ಜಾರಿ ಮುಂದಕ್ಕೆ ಹೋಗುತ್ತಿರುತ್ತದೆ. ಅಡಿಗೆ ರಬ್ಬರ್ ತಳದ ಕಾಲೊರಸು ಹಾಕಿ.

ಆಟೋ ಅಕಂಪನಿಮೆಂಟ್, ರಿದಮ್ ಎಲ್ಲ ಆಫ್ ಮಾಡಿ. ಟಚ್ ರೆಸ್ಪಾನ್ಸ್ ಆನ್ ಇರಲಿ. ತೀರಾ ಆರಂಭದ ಮಾಡೆಲ್‌ಗಳಲ್ಲಿ ಟಚ್ ಇರುವುದಿಲ್ಲ, ಎಷ್ಟು ಮೆದುವಾಗಿ ಒತ್ತಿದರೂ ಒಂದೇ ಗಾತ್ರದ ದನಿ. ಅಂಥದ್ದರಲ್ಲಿ ಇಲ್ಲಿನ ಕೆಲಸ ಅರ್ಧ ಮಾತ್ರ ಕೇಳಿಸುತ್ತದೆ, ಆದರೂ ಬೆರಳಿನ ದಾರಿ ಕಲಿಯಲು ಸಾಕು.

ಎಡಗೈಗೆ ತಂಬೂರಿಯ ಪಾಠ

ಎಡಗೈಯಲ್ಲಿ ಸಿ3–ಇ3–ಜಿ3 ಒಟ್ಟಿಗೆ ಒತ್ತಿ ಕೇಳಿ. ಆಮೇಲೆ ಒಂದು ಸ್ಥಾಯಿ ಕೆಳಗೆ ಅದನ್ನೇ ಒತ್ತಿ. ಎರಡನೆಯದು ಗೊರಗೊರ ಅನ್ನುತ್ತದೆ. ಮಂದ್ರದ ಪ್ರತಿ ಸ್ವರದ ಮೇಲೂ ಅನುರಣನ ಸ್ವರಗಳ ದೊಡ್ಡ ಗುಂಪೇ ಇರುತ್ತದೆ. ಎರಡು ಮಂದ್ರ ಸ್ವರ ಹತ್ತಿರ ಹತ್ತಿರ ಇದ್ದರೆ ಆ ಗುಂಪುಗಳು ಒಂದಕ್ಕೊಂದು ಉಜ್ಜುತ್ತವೆ. ಹಾಗಾಗಿ ಸ್ವರಗಳು ಕೆಳಗೆ ಅಗಲವಾಗಿ, ಮೇಲೆ ಒತ್ತೊತ್ತಾಗಿ ಇರಲಿ. ರೊಮ್ಯಾಂಟಿಕ್ ಎಡಗೈಯ ಮೊದಲ ನಿಯಮ ಇದು.

ಈ ಅಗಲ ಎಷ್ಟಿರಬೇಕು ಎನ್ನುವುದಕ್ಕೆ ನಮ್ಮ ತಂಬೂರಿಯೇ ಮೇಷ್ಟ್ರು. ಮಂದ್ರ ಷಡ್ಜದ ತಂತಿಯೊಂದನ್ನೇ ಮೀಟಿದರೂ ಮೇಲೆ ಪಂಚಮ, ಅದರ ಮೇಲೆ ಸ್ವಯಂಭೂ ಗಾಂಧಾರ ಕಿವಿಗೆ ಬೀಳುತ್ತದಲ್ಲ? ಸಿ2ರ ಮೇಲೆ ಆ ಏಣಿ ಹೀಗೆ ಏರುತ್ತದೆ: ಸಿ2, ಸಿ3, ಜಿ3, ಸಿ4, ಇ4. ಅಂದರೆ ಸ, ಸ, ಪ, ಸ, ಗ. ತಂತಿಯ ಪಿಯಾನೋ ಸಿಕ್ಕರೆ ಪರೀಕ್ಷೆ ಮಾಡಿ. ಇ4 ಅನ್ನು ಸದ್ದಾಗದಂತೆ ನಿಧಾನ ಒತ್ತಿ ಹಿಡಿದು, ಸಿ2 ಅನ್ನು ಜೋರಾಗಿ ಬಾರಿಸಿ ಬಿಟ್ಟುಬಿಡಿ. ಯಾರೂ ಮುಟ್ಟದ ಇ4 ತಾನಾಗಿ ಹಾಡುತ್ತಿರುತ್ತದೆ.

ಆ ಏಣಿಯಿಂದ ಸಿ3–ಜಿ3–ಇ4 ಎತ್ತಿಕೊಂಡರೆ ನಮ್ಮ ಮೊದಲ ಆಕಾರ ಸಿಕ್ಕಿತು: ಸ, ಪ, ಮೇಲಿನ ಗ. ಉಳಿದ ಮೂರು ಕಾರ್ಡ್‌ಗೂ ಇದೇ ಅಗಲ:

ಎ ಮೈನರ್: ಎ2–ಇ3–ಸಿ4
ಎಫ್: ಎಫ್2–ಸಿ3–ಎ3
ಜಿ: ಜಿ2–ಡಿ3–ಬಿ3

ಬೆರಳು 5–2–1 (ಹೆಬ್ಬೆರಳು 1, ಕಿರುಬೆರಳು 5). ಸಿ3ರಿಂದ ಇ4ರ ತನಕ ಕೀ ಮಧ್ಯದಿಂದ ಮಧ್ಯಕ್ಕೆ ಸುಮಾರು 21 ಸೆಂ.ಮೀ. ಹೆಚ್ಚಿನವರ ಕೈಗೆ ಒಟ್ಟಿಗೆ ಎಟುಕುವುದಿಲ್ಲ, ಎಟುಕಿಸುವ ಹಟವೂ ಬೇಡ. ಕಿರುಬೆರಳಿನಲ್ಲಿ ಸಿ3 ಬಾರಿಸಿ, ಪೆಡಲ್ ಅದನ್ನು ಹಿಡಿದುಕೊಂಡ ಮೇಲೆ ಕಿರುಬೆರಳು ಬಿಟ್ಟು, ಮಣಿಕಟ್ಟನ್ನು ಬಲಕ್ಕೆ ಸರಿಸಿ ಹೆಬ್ಬೆರಳನ್ನು ಇ4ಕ್ಕೆ ತನ್ನಿ. ಕೈ ಹಿಗ್ಗಿಸಿಯೇ ಇಟ್ಟುಕೊಂಡು ನುಡಿಸಿದರೆ ಹತ್ತು ನಿಮಿಷದಲ್ಲಿ ಮುಂಗೈ ನೋಯುತ್ತದೆ. ನೋವು ಬಂತೆಂದರೆ ನಿಲ್ಲಿಸಿ. ಆ ನೋವು ಅಭ್ಯಾಸ ಹೆಚ್ಚಾಯಿತು ಎಂದು ಬಂದದ್ದಲ್ಲ, ಕೈ ತಪ್ಪು ದಾರಿಯಲ್ಲಿದೆ ಎಂದು ಬಂದದ್ದು.

ಪೆಡಲ್

ಇಡೀ ಲೇಖನದಲ್ಲಿ ಒಂದೇ ಭಾಗಕ್ಕೆ ಸಮಯ ಕೊಡಲು ಸಾಧ್ಯವೆಂದರೆ ಇದಕ್ಕೆ ಕೊಡಿ.

ಕಾಲು ಹಾರ್ಮೋನಿಯಂ ಒತ್ತಿ ರೂಢಿಯಿದ್ದವರ ಪಾದ ತಾಳಕ್ಕೆ ಸರಿಯಾಗಿ ಕೆಳಗೆ ಹೋಗುತ್ತದೆ. ಅಲ್ಲಿ ಕಾಲು ಗಾಳಿ ತುಂಬುತ್ತದೆ. ಪಿಯಾನೋದ ಬಲ ಪೆಡಲ್ ತಂತಿಗಳ ಮೇಲೆ ಕೂತು ನಾದವನ್ನು ತಡೆಯುವ ಡ್ಯಾಂಪರ್‌ಗಳನ್ನು ಎತ್ತುತ್ತದೆ, ಅಷ್ಟೇ. ಬೀಟ್‌ಗೆ ಸರಿಯಾಗಿ ಒತ್ತಿದರೆ ಹಿಂದಿನ ಕಾರ್ಡ್‌ನ ಬಾಲ ಹೊಸ ಕಾರ್ಡ್‌ಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಹೆದರಿ ಬೀಟ್‌ಗೆ ಮುಂಚೆಯೇ ಬಿಟ್ಟರೆ ನಡುವೆ ತೂತು ಬೀಳುತ್ತದೆ.

ಸರಿಯಾದ ಕ್ರಮ ತಾಳಕ್ಕೆ ತಿರುಗುಮುರುಗು. ಹೊಸ ಬೇಸ್ ಸ್ವರ (ಕಾರ್ಡ್‌ನ ಎಲ್ಲಕ್ಕಿಂತ ಕೆಳಗಿನ ಸ್ವರ) ಬೀಳುವ ಗಳಿಗೆಗೆ ಪಾದ ಮೇಲೆ ಬರಬೇಕು. ಕಿರುಬೆರಳು ಆ ಕೀಯನ್ನು ಇನ್ನೂ ಹಿಡಿದಿರುವಾಗಲೇ ಪಾದ ಮತ್ತೆ ಕೆಳಗೆ. ಕೈ ಕೆಳಗೆ, ಕಾಲು ಮೇಲೆ. ಆಮೇಲೆ ಕಾಲು ಕೆಳಗೆ, ಕೈ ಸ್ವತಂತ್ರ. ಹಿಮ್ಮಡಿ ನೆಲ ಬಿಡಬಾರದು. ಪೂರ್ತಿ ಪಾದ ಎತ್ತಿ ಒತ್ತಿದರೆ ಟಕ್ ಟಕ್ ಸದ್ದು ಬರುತ್ತದೆ, ಸಮಯವೂ ತಪ್ಪುತ್ತದೆ.

ಮೆಟ್ರೊನೋಮ್ (ಬೀಟ್ ಎಣಿಸಿ ಕೊಡುವ ಸಾಧನ) ನಿಮಿಷಕ್ಕೆ 50 ಬೀಟ್‌ಗೆ ಇಟ್ಟು, ಬೇಸ್ ಸ್ವರಗಳನ್ನು ಮಾತ್ರ ನುಡಿಸಿ: ಸಿ3, ಎ2, ಎಫ್2, ಜಿ2. ಒಂದೊಂದಕ್ಕೆ ನಾಲ್ಕು ಬೀಟ್, ಒಂದೇ ಬೆರಳು. ಎರಡು ಸ್ವರಗಳ ನಡುವೆ ತೂತೂ ಇರಬಾರದು, ಬೆರಕೆಯೂ ಇರಬಾರದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕಿವಿ ಕೈಯ ಪರ ವಹಿಸುತ್ತದೆ.

ಕೀಬೋರ್ಡ್‌ನವರಿಗೆ ಇನ್ನೊಂದು ವಿಚಾರ. ಅಗ್ಗದ ಮಾಡೆಲ್‌ಗಳಲ್ಲಿ ಒಮ್ಮೆಗೆ 32 ಸ್ವರ ಮಾತ್ರ ಮೊಳಗಬಲ್ಲವು. ಮುಂದೆ ಬರುವ ನೇಯ್ಗೆಯಲ್ಲಿ ಒಂದು ಬಾರ್‌ಗೆ ಸುಮಾರು 14 ಸ್ವರ ಬೀಳುತ್ತವೆ. ಪೆಡಲ್ ಬದಲಿಸದೆ ಎರಡು ಬಾರ್ ದಾಟಿದರೆ ಯಂತ್ರ ಹಳೆಯ ಸ್ವರಗಳನ್ನು ತಾನೇ ಕತ್ತರಿಸತೊಡಗುತ್ತದೆ, ಹಲವು ಸಲ ಮೊದಲು ಹೋಗುವುದು ನಿಮಗೆ ಬೇಕಾದ ಬೇಸ್.

ಮೊದಲ ನೇಯ್ಗೆ: ತಿಶ್ರದ ಅಲೆ

ಪ್ರತಿ ಬೀಟನ್ನು ‘ತಕಿಟ’ ಎಂದು ಮೂರಾಗಿ ಒಡೆಯಿರಿ. ಒಂದು ಬಾರ್‌ಗೆ 12 ಸ್ವರ. ಎಡಗೈ ಆರು ಸ್ವರದ ಸುತ್ತನ್ನು ಎರಡು ಸಲ ಸುತ್ತುತ್ತದೆ:

ಸಿ: ಸಿ3–ಜಿ3–ಸಿ4–ಇ4–ಸಿ4–ಜಿ3
ಎ ಮೈನರ್: ಎ2–ಇ3–ಎ3–ಸಿ4–ಎ3–ಇ3
ಎಫ್: ಎಫ್2–ಸಿ3–ಎಫ್3–ಎ3–ಎಫ್3–ಸಿ3
ಜಿ: ಜಿ2–ಡಿ3–ಜಿ3–ಬಿ3–ಜಿ3–ಡಿ3

ಬೆರಳು 5–2–1–2–1–2. ನಾಲ್ಕನೇ ಸ್ವರಕ್ಕೆ ತೋರುಬೆರಳು ಹೆಬ್ಬೆರಳ ಮೇಲಿಂದ ದಾಟುತ್ತದೆ. ಇಲ್ಲಿ ಹೆಬ್ಬೆರಳು ಭಾರ, ಪ್ರತಿ ಸಲ ಗುದ್ದುತ್ತದೆ. ಅದಕ್ಕೇ ಬಹಳ ಜನರ ಅಲೆ ಗಾಡಿಯ ಚಕ್ರದಂತೆ ಕುಲುಕುತ್ತದೆ. ಹೆಬ್ಬೆರಳನ್ನು ಕೀಯಿಂದ ಮೇಲೆತ್ತದೆ, ಮೇಲ್ಮೈಯಲ್ಲೇ ಇಟ್ಟುಕೊಂಡು ಒಳಕ್ಕೆ ಒತ್ತಿ. ಎರಡನೇ ಸುತ್ತಿನ ಬೇಸ್ ಮೊದಲನೆಯದಕ್ಕಿಂತ ಮೆದುವಾಗಿರಲಿ, ಬಾರ್‌ಗೆ ಒಂದೇ ಅಡಿಪಾಯ ಸಾಕು.

ಬಲಗೈಗೆ ಈ ಸರಳ ಸಾಲು:

ಬಾರ್ 1: ಇ5 (3 ಬೀಟ್), ಡಿ5 (1)
ಬಾರ್ 2: ಸಿ5 (3), ಬಿ4 (1)
ಬಾರ್ 3: ಎ4 (3), ಸಿ5 (1)
ಬಾರ್ 4: ಬಿ4 (2), ಡಿ5 (2)

ನಾಲ್ಕನೇ ಬಾರ್‌ನಲ್ಲಿ ಒಂದು ತೊಡಕಿದೆ. ಮೆಲೊಡಿಯಲ್ಲೂ ನಿಷಾದ, ಎಡಗೈಯಲ್ಲೂ ನಿಷಾದ. ಷಡ್ಜದ ಕಡೆ ಎಳೆಯುವ ಸ್ವರ ಅದು. ಎರಡು ಕಡೆ ಕೇಳಿದರೆ ಚುಚ್ಚುತ್ತದೆ. ಮೊದಲ ಸುತ್ತಿನಲ್ಲಿ ಎಡಗೈಗೆ ಜಿ2–ಡಿ3–ಎಫ್3–ಜಿ3–ಎಫ್3–ಡಿ3 ಕೊಡಿ (ಬೆರಳು 5–3–2–1–2–3). ಕಾರ್ಡ್ ಜಿ ಸೆವೆನ್ (ಜಿ ಕಾರ್ಡ್‌ಗೆ ಎಫ್ ಸೇರಿದ್ದು) ಆಗಿ ಇನ್ನಷ್ಟು ಮೆತ್ತಗಾಗುತ್ತದೆ. ಮೆಲೊಡಿ ಡಿ5ಕ್ಕೆ ಹೋದ ಮೇಲೆ ಎರಡನೇ ಸುತ್ತಿನಲ್ಲಿ ಬಿ3 ಬರಲಿ.

ದನಿಯ ತೂಕ

ಇಲ್ಲಿಯವರೆಗಿನದನ್ನು ತಪ್ಪಿಲ್ಲದೆ ನುಡಿಸಿದರೂ ರೊಮ್ಯಾಂಟಿಕ್ ಅನಿಸದೇ ಹೋಗುವುದುಂಟು. ಎಲ್ಲ ಸ್ವರಕ್ಕೂ ಒಂದೇ ತೂಕ ಬಿದ್ದಿರುತ್ತದೆ. ಮೆಲೊಡಿ ಎದುರಿಗೆ, ಬೇಸ್ ಅದರ ಹಿಂದೆ, ನಡುವಿನ ಅಲೆ ಎಲ್ಲಕ್ಕಿಂತ ಹಿಂದೆ ಇರಬೇಕು. ಕಂಪ್ಯೂಟರ್‌ಗೆ ಮಿಡಿ ರೆಕಾರ್ಡ್ ಮಾಡುವವರು 127ರ ಅಳತೆಯಲ್ಲಿ ಮೆಲೊಡಿ 75–85, ಬೇಸ್ 50–60, ಅಲೆ 30–40ರ ಆಸುಪಾಸು ಇಟ್ಟು ನೋಡಿ.

ಮೆಲೊಡಿಯ ಒಳಗೂ ತೂಕ ಬದಲಾಗುತ್ತದೆ. ಇ5 ಮೂರು ಬೀಟ್ ನಿಲ್ಲಬೇಕು, ನಿಲ್ಲುತ್ತಾ ಕರಗುತ್ತದೆ. ಆದ್ದರಿಂದ ಉದ್ದ ಸ್ವರವನ್ನು ಗಟ್ಟಿಯಾಗಿಯೇ ಹೊರಡಿಸಿ. ಮುಂದಿನ ಡಿ5 ಅನ್ನು, ಇ5 ಕರಗಿ ಉಳಿದಿರುವ ಮಟ್ಟಕ್ಕೆ ಕಿವಿಗೊಟ್ಟು, ಅದೇ ಮಟ್ಟದಲ್ಲಿ ಬಾರಿಸಿ. ಇಷ್ಟು ಮಾಡಿದರೆ ಎರಡು ಬೇರೆ ಬೇರೆ ಹೊಡೆತಗಳು ಗಾಯಕರ ಒಂದೇ ಉಸಿರಿನಂತೆ ಕೇಳುತ್ತವೆ. ಹಾರ್ಮೋನಿಯಂ ಕಿವಿಗೆ ಇದು ಹೊಸದು. ಪಿಯಾನೋ ಹಾಡುವ ಗುಟ್ಟು ಇಲ್ಲೇ ಇದೆ, ಇದಕ್ಕೆ ಒಂದು ವಾರ ಕೊಟ್ಟರೂ ನಷ್ಟವಿಲ್ಲ.

ಎರಡನೇ ನೇಯ್ಗೆ: ಒಂದೇ ಕೈಯಲ್ಲಿ ಎರಡು ದನಿ

ಈಗ ಬಲಗೈ ಮೆಲೊಡಿಯನ್ನು ಕಿರುಬೆರಳಿನ ಕಡೆ ಹಿಡಿದು, ಅದೇ ಕೈಯ ಹೆಬ್ಬೆರಳು–ತೋರುಬೆರಳಿನಲ್ಲಿ ಒಳದನಿ ನುಡಿಸುತ್ತದೆ. ‘ತಕಿಟ’ದ ‘ತ’ದಲ್ಲಿ ಮೆಲೊಡಿ, ‘ಕಿಟ’ದಲ್ಲಿ ಒಳದನಿ. ಎಡಗೈ ಅಲೆಯನ್ನು ಬಿಟ್ಟು ಬೀಟ್‌ಗೊಂದರಂತೆ ನಾಲ್ಕೇ ಸ್ವರ: ಸಿ3–ಜಿ3–ಇ4–ಜಿ3, ಆಮೇಲೆ ಎ2–ಇ3–ಸಿ4–ಇ3, ಎಫ್2–ಸಿ3–ಎ3–ಸಿ3, ಜಿ2–ಡಿ3–ಎಫ್3–ಡಿ3. ಮೆಲೊಡಿ ಸುಮ್ಮನೆ ನಿಂತ ಬೀಟ್‌ಗಳಲ್ಲಿ ಎಡಗೈ ‘ತ’ ಹೇಳುತ್ತದೆ. ತಕಿಟ ಎಲ್ಲೂ ತುಂಡಾಗುವುದಿಲ್ಲ.

ಒಳದನಿ: ಬಾರ್ 1ರಲ್ಲಿ ಜಿ4–ಸಿ5, ಬಾರ್ 2ರಲ್ಲಿ ಇ4–ಎ4, ಬಾರ್ 3ರಲ್ಲಿ ಸಿ4–ಎಫ್4, ಬಾರ್ 4ರಲ್ಲಿ ಡಿ4–ಜಿ4. ಕೈಯ ಆಕಾರ ಎಲ್ಲ ಬಾರ್‌ಗೂ ಹೆಚ್ಚುಕಡಿಮೆ ಒಂದೇ.

ಮೂರನೇ ಬಾರ್‌ನಿಂದ ನಾಲ್ಕಕ್ಕೆ ಹೋಗುವಾಗ ಜಾಗ್ರತೆ. ಎಫ್ ಮತ್ತು ಜಿ ಅಕ್ಕಪಕ್ಕದ ಕಾರ್ಡ್‌ಗಳು. ಬೇಸ್ ಎಫ್2ರಿಂದ ಜಿ2ಕ್ಕೆ ಏರುವಾಗ ಒಳದನಿಯೂ ಸಿ4–ಎಫ್4ರಿಂದ ಡಿ4–ಜಿ4ಕ್ಕೆ ಜೊತೆಯಲ್ಲೇ ಏರಿದರೆ ಇಡೀ ಕಾರ್ಡನ್ನು ಎತ್ತಿ ಪಕ್ಕಕ್ಕಿಟ್ಟಂತೆ ಒರಟಾಗಿ ಕೇಳುತ್ತದೆ. ಪರಿಹಾರ ಸುಲಭ. ಮೂರನೇ ಬಾರ್‌ನ ನಾಲ್ಕನೇ ಬೀಟ್‌ನಲ್ಲಿ ಮೆಲೊಡಿ ಸಿ5ಕ್ಕೆ ಹೋಗುತ್ತದಲ್ಲ, ಆಗ ಒಳದನಿಯನ್ನೂ ಎಫ್4–ಎ4ಕ್ಕೆ ಏರಿಸಿ. ಅಲ್ಲಿಂದ ಡಿ4–ಜಿ4–ಬಿ4ಕ್ಕೆ ಬಲಗೈ ಪೂರ್ತಿ ಇಳಿಯುತ್ತದೆ, ಬೇಸ್ ಏರುತ್ತದೆ.

ಮೆಲೊಡಿ ಮುಳುಗುವುದು ಇಲ್ಲಿ ಎಲ್ಲರಿಗೂ ಬರುವ ಕಷ್ಟ, ಏಕೆಂದರೆ ಅದು ಕೈಯ ಅತಿ ದುರ್ಬಲ ಬೆರಳಿನಲ್ಲಿದೆ. ಹೀಗೆ ಅಭ್ಯಾಸ ಮಾಡಿ: ಕಿರುಬೆರಳಿನ ಸ್ವರವನ್ನು ತುಂಬು ದನಿಯಲ್ಲಿ ನುಡಿಸಿ, ಒಳದನಿಯ ಕೀಗಳನ್ನು ಸದ್ದಾಗದಂತೆ ಮುಟ್ಟಿ ಮಾತ್ರ ಬಿಡಿ. ನಾಲ್ಕು ಸುತ್ತು ಹಾಗೆ. ಐದನೇ ಸುತ್ತಿನಲ್ಲಿ ಒಳದನಿಗೆ ಪಿಸುಮಾತಿನಷ್ಟು ಸದ್ದು ಕೊಡಿ. ಬೆರಳಿನ ಬಲದಿಂದ ಗುದ್ದಬೇಡಿ, ಕೈಯ ಭಾರವನ್ನು ಕಿರುಬೆರಳಿನ ಕಡೆಗೆ ಸ್ವಲ್ಪ ವಾಲಿಸಿ.

ಅರ್ಧ ಸ್ವರದ ಬಣ್ಣ

ಎರಡೇ ಜಾಗದಲ್ಲಿ ಒಂದೊಂದು ಕಪ್ಪು ಕೀ ಸೇರಿಸಿದರೆ ಸಾಲಿನ ಮುಖವೇ ಬದಲಾಗುತ್ತದೆ.

ಮೊದಲನೆಯದು ಮೂರನೇ ಬಾರ್‌ನ ಕೊನೆಯ ಬೀಟ್. ಒಳದನಿಯ ಎ4 ಬದಲು ಎ ಫ್ಲ್ಯಾಟ್ (ಎ4ರ ಎಡಕ್ಕಿರುವ ಕಪ್ಪು ಕೀ) ಹಾಕಿ. ಎಫ್ ಮೇಜರ್ ಎಫ್ ಮೈನರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ ಎಂದು ದನಿ ಮೆಟ್ಟಿಲಿಳಿಯುತ್ತದೆ. ಆ ಮೂರು ಸ್ವರಗಳನ್ನಷ್ಟೇ ಒಮ್ಮೆ ಒಂಟಿಯಾಗಿ ನುಡಿಸಿ ಕೇಳಿ, ಆಮೇಲೆ ನೇಯ್ಗೆಗೆ ಸೇರಿಸಿ. ಎಡಗೈಯಲ್ಲಿ ಹಿಂದೆ ನುಡಿಸಿದ ಎ3 ಪೆಡಲ್‌ನಲ್ಲಿ ಇನ್ನೂ ಮೊಳಗುತ್ತಿರುತ್ತದೆ, ಎ ಫ್ಲ್ಯಾಟ್ ಜೊತೆ ಜಗಳವಾಡುತ್ತದೆ. ಆದ್ದರಿಂದ ಆ ಬೀಟ್‌ಗೆ ಪೆಡಲ್ ಬದಲಿಸಿ, ಸಿ3 ಬದಲು ಎಫ್2 ಅನ್ನೇ ಮೆದುವಾಗಿ ಮತ್ತೆ ಹಾಕಿ.

ಎರಡನೆಯದು ಮೊದಲ ಬಾರ್‌ನ ನಾಲ್ಕನೇ ಬೀಟ್. ಮೆಲೊಡಿ ಡಿ5 ಇರುವಾಗ ಒಳದನಿಗೆ ಜಿ ಶಾರ್ಪ್4–ಬಿ4 (ಜಿ ಶಾರ್ಪ್ ಎಂದರೆ ಅದೇ ಕಪ್ಪು ಕೀ), ಬೇಸ್‌ಗೆ ಇ3. ಇದು ಇ ಸೆವೆನ್, ಎ ಮೈನರ್ ಕಡೆಗೆ ತಳ್ಳುವ ಕಾರ್ಡ್. ಇಲ್ಲೂ ಪೆಡಲ್ ಬದಲಾಗಬೇಕು. ಸಿ ಮೇಜರ್‌ನ ಜಿ ಒಳಗೆ ಉಳಿದರೆ ಜಿ ಶಾರ್ಪ್ ತಪ್ಪು ಬೆರಳು ಬಿದ್ದಂತೆ ಕೇಳುತ್ತದೆ.

ಇನ್ನೂ ನಾಲ್ಕು ಕಪ್ಪು ಕೀ ಸೇರಿಸುವ ಆಸೆ ಹುಟ್ಟುತ್ತದೆ. ಸದ್ಯಕ್ಕೆ ತಡೆಯಿರಿ. ಪಕ್ಕದಲ್ಲಿ ಬಿಳಿ ಸ್ವರ ಇದ್ದರೆ ತಾನೇ ಕಪ್ಪು ಸ್ವರಕ್ಕೆ ಬಣ್ಣ? ಭಾವಗೀತೆಗೆ ಇದನ್ನು ಬಳಸುವವರು ಗಾಯಕರ ಸ್ವರಗಳನ್ನು ಮೊದಲು ನೋಡಿಕೊಳ್ಳಿ. ಮೋಹನದಂಥ ರಾಗದಲ್ಲಿ ಮಧ್ಯಮ ಇಲ್ಲ, ಅಲ್ಲಿ ಎಫ್ ಕಾರ್ಡ್ ಹಾಕಿದರೆ ಹಾಡಿನಲ್ಲಿಲ್ಲದ ಸ್ವರವನ್ನು ನೀವೇ ತುರುಕಿದಂತೆ.

ಮೂರಕ್ಕೆ ಎರಡು

ಎಡಗೈ ಮೊದಲ ನೇಯ್ಗೆಯ ತಿಶ್ರದಲ್ಲಿರುವಾಗ ಬಲಗೈ ಬೀಟ್‌ಗೆ ಎರಡು ಸ್ವರ ನುಡಿಸುವುದು ಈ ಕಾಲದ ಸಂಗೀತದಲ್ಲಿ ಪದೇ ಪದೇ ಬರುತ್ತದೆ. ಮೃದಂಗದ ಲೆಕ್ಕ ಬಲ್ಲವರಿಗೆ ಇದು ಸಲೀಸು. ಬೀಟನ್ನು ಆರು ಮಾತ್ರೆ ಮಾಡಿ. ಎಡಗೈ 1, 3, 5ರಲ್ಲಿ, ಬಲಗೈ 1 ಮತ್ತು 4ರಲ್ಲಿ. ಅಂದರೆ ಕ್ರಮವಾಗಿ ಎರಡೂ ಕೈ, ಎಡ, ಬಲ, ಎಡ. ತೊಡೆಯ ಮೇಲೆ ತಟ್ಟಿ ಸರಾಗವಾದ ಮೇಲೆ ಕೀಗೆ ಬನ್ನಿ. ನಿಧಾನಕ್ಕೆ ಲೆಕ್ಕ ಬೇಕು, ವೇಗ ಬಂದ ಮೇಲೆ ಲೆಕ್ಕ ಮರೆತು ಒಂದೊಂದು ಕೈಯನ್ನೂ ಅದರದ್ದೇ ಸಾಲಾಗಿ ಕೇಳಿಸಿಕೊಳ್ಳಿ. ಬಲಗೈ ಮಾತಿನಂತೆ ಸ್ವಲ್ಪ ಹಿಂದೆಮುಂದೆ ಆದರೂ ಸರಿಯೇ, ಎಡಗೈ ಮಾತ್ರ ತಾಳ ಬಿಡಬಾರದು.

ಹೆಬ್ಬೆರಳಿನ ಹಾಡು

1830ರ ದಶಕದಲ್ಲಿ ಸಿಗಿಸ್ಮಂಡ್ ತಾಲ್ಬರ್ಗ್ ಎಂಬ ವಾದಕ ಮೂರು ಕೈ ಇದ್ದಂತೆ ನುಡಿಸುತ್ತಾನೆ ಎಂದು ಹೆಸರಾದ. ಮೆಲೊಡಿಯನ್ನು ವಾದ್ಯದ ನಡುವೆ ಹೆಬ್ಬೆರಳುಗಳಿಗೆ ಕೊಟ್ಟು, ಅದರ ಸುತ್ತ ಮೇಲೆ ಕೆಳಗೆ ಅಲೆ ಹರಿಸುವ ವಿಧಾನ ಅದು. ನಮ್ಮ ಸಾಲಿಗೆ ಹಾಕುವುದು ಕಷ್ಟವಲ್ಲ. ಮೆಲೊಡಿಯನ್ನು ಒಂದು ಸ್ಥಾಯಿ ಇಳಿಸಿ, ಇ4ರಿಂದ ಶುರು ಮಾಡಿ ಬಲ ಹೆಬ್ಬೆರಳಿನಲ್ಲೇ ನುಡಿಸಿ. ‘ಕಿಟ’ದಲ್ಲಿ ಮೇಲಿನ ಬೆರಳುಗಳು ಜಿ4–ಸಿ5 ಹಗುರಾಗಿ ತೀಡಲಿ, ಎಡಗೈ ಬೇಸ್ ಒಂದನ್ನೇ ಹಾಕಲಿ. ಚೆಲ್ಲೋ ಹಾಡಿದಂತೆ ಕೇಳಬೇಕು. ಹೆಬ್ಬೆರಳಿನಲ್ಲಿ ಕೀಯಿಂದ ಕೀಗೆ ಜಾರುವಾಗ ಕೊಂಡಿ ತಪ್ಪುವುದನ್ನು ಪೆಡಲ್ ಮುಚ್ಚಿಕೊಳ್ಳುತ್ತದೆ, ಗುದ್ದುವುದನ್ನು ಮುಚ್ಚುವುದಿಲ್ಲ.

ಎಲ್ಲವನ್ನೂ ಸೇರಿಸುವಾಗ

ನಾಲ್ಕು ಬಾರ್‌ನ ಸಾಲನ್ನು ನಾಲ್ಕು ಸಲ ನುಡಿಸಿ: ಮೊದಲು ತಿಶ್ರದ ಅಲೆ, ಆಮೇಲೆ ಒಳದನಿ, ಮೂರನೆಯದು ಒಳದನಿಗೆ ಎರಡು ಕಪ್ಪು ಕೀ, ಕೊನೆಗೆ ಹೆಬ್ಬೆರಳಿನ ಹಾಡು. ವೇಗ 50ರಿಂದ 60. ಕೈ ಕೂತ ಮೇಲೆ ಇಡೀ ಸಾಲನ್ನು ಕಪ್ಪು ಒಂದಕ್ಕೆ, ಅಂದರೆ ಡಿ ಫ್ಲ್ಯಾಟ್‌ಗೆ ಸಾಗಿಸಿ ನೋಡಿ. ಟ್ರಾನ್ಸ್‌ಪೋಸ್ ಗುಂಡಿ ಮುಟ್ಟದೆ ಬೆರಳಲ್ಲೇ ಮಾಡಿ. ಕಾಗದದಲ್ಲಿ ಐದು ಫ್ಲ್ಯಾಟ್ ಕಂಡು ಭಯವಾಗುತ್ತದೆ, ಆದರೆ ಉದ್ದ ಬೆರಳುಗಳು ಕಪ್ಪು ಕೀ ಮೇಲೆ ಒರಗಿ ಕೈ ಸಿ ಮೇಜರ್‌ಗಿಂತ ಆರಾಮಾಗಿ ಕೂರುತ್ತದೆ.

ಮುಗಿಸುವುದು ಸಿ ಮೇಜರ್‌ನಲ್ಲಿ. 61 ಕೀ ವಾದ್ಯದ ಎಡ ತುದಿಯ ಸಿ2, ಆಮೇಲೆ ಒಂದೊಂದಾಗಿ ಸಿ3, ಜಿ3, ಇ4, ಬಲಗೈಯಲ್ಲಿ ಜಿ4, ಸಿ5, ಇ5. ತಂಬೂರಿಯ ಏಣಿಯೇ ಇದು. ಪೆಡಲ್ ಸಿ2ರಿಂದ ಕೊನೆಯವರೆಗೆ ಕೆಳಗೇ ಇರಲಿ, ಕೊನೆಯ ಇ5 ಎಲ್ಲಕ್ಕಿಂತ ಮೆದುವಾಗಿರಲಿ. ನಂತರ ಕೈಗಳನ್ನು ಮೊದಲು ಎತ್ತಿ, ಪಾದ ಅಲ್ಲೇ ಇರಲಿ. ನಾದ ತಾನಾಗಿ ಕರಗಿ, ಬೀದಿಯ ಸದ್ದು ಕೇಳತೊಡಗಿದ ಮೇಲೆ ಪಾದವನ್ನು ನಿಧಾನ ಬಿಡಿ.